ಆಕಾಶದಾಗಿನ ಬಸುರಿ

ನಗೂವಂಥಾದ್ದು ಹುಡುಕ್ಕೊಂಡು ನಾ ಎಂದೂ ಹೋದಾಕಿ ಅಲ್ಲ. ಕುಂತಲ್ಲೇ ಬಂದು ಮೈಮ್ಯಾಲೆ ಬೀಳತಾವ ಇಂಥಾವು. ಅದರಾಗ ನನ್ನ ಮೊದಲನೇ ಬಸುರಿನ ವರ್ಷದ್ದಂತೂ ಆವಾಗ ಬರೇ ಅಳು, ಅಂಜಿಕಿ. ಈಗ ಹೇಳಾಕ ಕುಂತ್ರ ಹಲ್ಲಿಲ್ಲದ ಬಾಯಿ ಮುಚ್ಚವಲ್ದು.

ಆರು ಮಂದಿ ಗಂಡಸರು

ತಿಕೋಟಾದಾಗ ನಮ್ಮ ಓಣಿಗೆಲ್ಲಾ ಒಂದ ರೇಡಿಯೋ, ಅದು ನನ್ನ ಗಂಡನ ಮನ್ಯಾಗ. ಟೀವಿ ಅನ್ನೋದರ ಹೆಸರೂ ನಾವು ಕೇಳಿರಲಿಲ್ಲ. ಐತವಾರ ಮಧ್ಯಾಹ್ನ ಒಂದು ನಾಟಕ ಬರತಿತ್ತು. ಆಕಾಶದ ಹಡಗು ಒಂದು, ಚಂದ್ರನ್ನ ದಾಟಿ ಚುಕ್ಕಿಗೋಳ ನಡುವ ತಿರಗತಿತ್ತು. ಮೂರು ವರ್ಷದಿಂದ ನಡದಿತ್ತು. ಈ ವರ್ಷ ಹಡಗು ಭೂಮಿಗೆ ತಿರಿಗಿ ಬರತೈತಿ, ಇದ ಕಡೀದು ಅಂತ ರೇಡಿಯೋದಾಂವ ಹೇಳಿದ. ಅದರಾಗ ಆರು ಮಂದಿ ಗಂಡಸರು, ಒಬ್ಬಾಕಿ ಹೆಂಗಸು, ಕಪ್ತಾನನ ಹೆಂಡ್ತಿ. ಕಡೀ ವರ್ಷದ ಮೊದಲನೇ ವಾರಾನ ಆಕಿ ಗಂಡಗ "ನಾನು ತಾಯಿಯಾಗಲಿದ್ದೇನೆ" ಅಂದ್ಲು.

ನಮ್ಮ ಅತ್ತಿ ಹಪ್ಪಳ ಲಟ್ಟಸೋದು ಬಿಟ್ಟು ಎದ್ದ ನಿಂತ್ಲು. "ಯವ್ವಾ! ಅಲ್ಲಿ ಸೂಲಗಿತ್ತೀನ್ನ ಎಲ್ಲಿಂದ ತರತಾನ ಆಂವಾ?"

"ಡಾಕ್ಟರ ಅದಾನ ಬಿಡವ್ವಾ," ಅಂದ ನನ್ನ ಗಂಡ.

"ಆಂವಾ ಗಂಡಸು ಹೌದಲ್ಲೋ?"

ಅವತ್ತಿನಿಂದ ಡಾಕ್ಟರನ ಧ್ವನಿ ಬಂದ್ರ ಸಾಕು, ಅತ್ತಿ ತಲಿಮ್ಯಾಲೆ ಸೆರಗ ಹೊತ್ತು ರೇಡಿಯೋಕ್ಕ ಬೆನ್ನ ಮಾಡಿ ಕುಂಡರತಿದ್ಲು.

ಕಾರ್ಡು

ನನಗೂ ಆವಾಗ ಮೂರು ತಿಂಗಳು. ನನಗ ವಾಕರಿಕಿ ಬಂದ್ರ ಅತ್ತಿ ನನ್ನ ಬೆನ್ನ ಸವರತಾ, "ಪಾಪ, ಆಕಿಗೂ ಹಿಂಗ ಆಗಾಕತ್ತಿರಬೇಕು" ಅಂತ ರೇಡಿಯೋದ ಕಡೆ ನೋಡತಿದ್ಲು. ಐದು ತಿಂಗಳು ತುಂಬಿದ್ರೂ ಆ ಹುಡುಗಿ ತಾಯಿದು ಸುದ್ದಿಲ್ಲ, ತವರಿಂದು ಸುದ್ದಿಲ್ಲ. ಅತ್ತಿಗೆ ಉಂಡ ಅನ್ನ ಮೈಗೆ ಹತ್ತವಲ್ದು. ಕಡೀಕ ನನ್ನ ಗಂಡನ್ನ ಕುಂಡ್ರಿಸಿ ರೇಡಿಯೋದವರಿಗೆ ಕಾರ್ಡ ಬರಸಿದ್ಲು: 'ಚೊಚ್ಚಲ ಹೆರಿಗಿ ಐತಿ. ಹಡಗ ಲಗೂನ ಇಳಿಸಿ ಹುಡುಗೀನ ತವರಿಗೆ ಕಳಸ್ರಿ.'

ಇಪ್ಪತ್ತು ದಿನಕ್ಕ ಉತ್ತರಾ ಬಂತು. ನನ್ನ ಗಂಡ ಓದಿದ: "ನಿಮ್ಮ ಪತ್ರ ತಲುಪಿದೆ. ವಂದನೆಗಳು."

ಅತ್ತಿ ಹಣಿ ಬಡಕೊಂಡ್ಲು. "ಪತ್ರ ಮುಟ್ಟೇತಂತ! ಹುಡುಗಿ ಎಲ್ಲಿ ಮುಟ್ಯಾಳ ಅದನ್ನ ಕೇಳಲೇ!"

ಕುಬಸ

ಏಳನೇ ತಿಂಗಳಿಗೆ ಐತವಾರ ನೋಡಿ ನನಗ ಕುಬಸ ಮಾಡಿದ್ರು. ಹಸರ ಬಳಿ, ಹಸರ ಸೀರಿ, ಖಣ, ಹೋಳಿಗಿ. ಅತ್ತಿ ಕುಂಡ್ರಾಕ ಎರಡು ಮಣಿ ಹಾಕಿಸಿದ್ಲು. ಒಂದರ ಮ್ಯಾಲೆ ನಾನು, ಒಂದರ ಮ್ಯಾಲೆ ರೇಡಿಯೋ.

"ಒಂದ ಮನ್ಯಾಗ ಇಬ್ರು ಬಸುರ್ಯಾರು. ಒಬ್ಬಾಕಿಗೆ ಮಾಡಿ ಇನ್ನೊಬ್ಬಾಕಿನ್ನ ಬಿಟ್ರ ಕಣ್ಣೀರ ಹತ್ತತೈತಿ," ಅಂದ್ಲು.

ರೇಡಿಯೋಕ್ಕ ಖಣ ಹೊಚ್ಚಿದ್ರು, ತಿರುವೂ ಕಿವಿಗೆ ಹಸರ ಬಳಿ ಸಿಗಿಸಿದ್ರು, ಮುಂದ ಉಡಿ ಅಕ್ಕಿ ಹಾಕಿದ್ರು. ಓಣಿ ಹೆಂಗಸರು ಆರತಿ ಬೆಳಗಾಕತ್ತಿದ್ರು. ಅಷ್ಟರಾಗ ಒಳಗಿಂದ ಕಪ್ತಾನ ಗಂಭೀರ ಧ್ವನೀಲೆ ಹೇಳಿದ: "ಆಹಾರ ಮುಗಿಯುತ್ತ ಬಂದಿದೆ. ಇನ್ನು ದಿನಕ್ಕೊಂದೇ ಗುಳಿಗೆ."

ಅತ್ತಿ ಕಣ್ಣೊರಸಕೊಂಡು ಇನ್ನೊಂದು ಹೋಳಿಗಿ ರೇಡಿಯೋದ ಮುಂದ ಸರಿಸಿದ್ಲು. "ಮುಚ್ಚಿ ತಿನ್ನವ್ವಾ. ಗಂಡಗ ತೋರಿಸಬ್ಯಾಡ."

ನಮ್ಮಪ್ಪ

ಕುಬಸ ಆದ ವಾರಕ್ಕ ಜೈನಾಪುರದಿಂದ ನಮ್ಮಪ್ಪ ಗಾಡಿ ಕಟ್ಟಿಕೊಂಡು ನನ್ನ ಕರಿಯಾಕ ಬಂದ. ಬಬಲೇಶ್ವರ ಹಾಯ್ದು ದಿನಾ ಪೂರ್ತಿ ಹಾದಿ. ಹಡಿಯೂದಂದ್ರ ಅವ್ವನ ಕೈಯಾಗ ಹಡೀಬೇಕು ಅಂತ ನಾ ಜೀವಾ ಹಿಡಕೊಂಡು ಕುಂತಿದ್ದೆ. ಗಂಟು ಕಟ್ಟಿದ್ದೆ.

ಅತ್ತಿ ಬಾಗಲಕ್ಕ ಅಡ್ಡ ನಿಂತ್ಲು. "ಕಳಸಾಕ ಬರಂಗಿಲ್ಲರಿ ಬೀಗರ. ಇಬ್ರು ಬಸುರ್ಯಾರ ಮನ್ಯಾಗಿಂದ ಒಬ್ಬಾಕಿ ಮೊದಲ ಹೊಸ್ತಿಲ ದಾಟಿದ್ರ ಇನ್ನೊಬ್ಬಾಕಿಗೆ ಕೇಡು."

"ಇನ್ನೊಬ್ಬಾಕಿ ಯಾರ್ರಿ ಬೀಗತಿ?"

ಅತ್ತಿ ರೇಡಿಯೋ ತೋರಿಸಿದ್ಲು. ಅಪ್ಪ ನನ್ನ ಮಾರಿ ನೋಡಿದ. ನಾ ನೆಲಾ ನೋಡಿದೆ. ಅಪ್ಪ ಬರೇ ಗಾಡಿ ಹೊಡಕೊಂಡ ಹೋದ.

ಎಂಟು ತುಂಬಿದಾಗ ಮತ್ತ ಬಂದ, ಸಿಟ್ಟಲೇ ಬಂದ. "ನಿಮ್ಮಾಕಿ ಇಳಿಯೂದು ಎಂದು? ಇವತ್ತ ಇತ್ಯರ್ಥ ಆಗಬೇಕು," ಅಂತ ರೇಡಿಯೋದ ಮುಂದ ಕುಂತ. ಅವತ್ತ ಹಡಗಿಗೆ ಬೆಂಕಿ ಹತ್ತಿತ್ತು. ಅಪ್ಪನ ಬಾಯಾಗಿನ ತಂಬಾಕ ಹಂಗ ಉಳೀತು.

ಒಂಬತ್ತಕ್ಕ ಬಿದ್ದಾಗ ಮೂರನೇ ಸಲ ಬಂದ. ಗಾಡಿ ಸದ್ದು ಕೇಳಿ ನಾ ಗಂಟು ಹಿಡಕೊಂಡು ಓಡಿದೆ. "ಯಪ್ಪಾ, ಬಂದ್ಯಾ? ನಡಿ, ಹೋಗೂಣು!"

ಅಪ್ಪ ನನ್ನ ದಾಟಿ ಒಳಗ ಹೋದ. "ಬದಿಗೆ ಸರಿ ಬೇ, ನಾಟಕ ಸುರುವಾಗೇತೋ ಏನೋ. ಆ ಎಳಿ ಹುಡುಗೀನ್ನ ಹಂಗ ಬಿಟ್ಟು ಹೆಂಗ ಹೋಗತಿ?"

ಕಡೀ ಐತವಾರ

ಅಪ್ಪ ವಾರಾ ಪೂರ್ತಿ ನಮ್ಮಲ್ಲೇ ಉಳದ. ಮುಂದಿನ ಐತವಾರ ನಾಟಕ ಮುಗಿಯೋದಿತ್ತು. ರೇಡಿಯೋದ ಬ್ಯಾಟರಿ ಸೋತಿತ್ತು. ಹೊಸಾದು ತರಾಕ ನನ್ನ ಗಂಡ ವಿಜಾಪುರಕ್ಕ ಹೋದಾಂವ ಬಂದಿರಲಿಲ್ಲ. ಓಣಿಯೆಲ್ಲಾ ಪಡಸಾಲ್ಯಾಗ ಉಸರ ಹಿಡಕೊಂಡು ಕುಂತಿತ್ತು. ಹಡಗು ಭೂಮಿ ಗಾಳಿಯೊಳಗ ಬಂದು ಗಡಗಡ ನಡಗಾಕತ್ತಿತ್ತು, ಕಪ್ತಾನನ ಹೆಂಡ್ತಿಗೆ ಬ್ಯಾನಿ ಸುರುವಾಗಿತ್ತು.

ನನಗೂ ಸುರುವಾತು.

"ಅತ್ತೀ!" ಅಂತ ಕೋಣ್ಯಾಗಿಂದ ಚೀರಿದೆ.

"ತಡಿ ಬೇ, ಮೊದಲ ಆಕಿದು ಆಗಲಿ!" ಅಂದ್ಲು ಅತ್ತಿ.

ಊರ ಸೂಲಗಿತ್ತಿನೂ ರೇಡಿಯೋದ ಮುಂದ ಕುಂತಿದ್ಲು. ನಾಟಕ ಕೇಳಾಕ ಬರದಾಕಿ ಅಂದ್ರ ಹಿತ್ತಲ ಮನಿ ಅಜ್ಜಿ ಒಬ್ಬಾಕೇ; ಆಕಿಗೆ ಪೂರಾ ಕಿವಿ ಕೇಳಸತಿರಲಿಲ್ಲ. ದೇವರು ಕಳಿಸಿದಂಗ ಆಕಿ ಹಿಂದಿನ ಬಾಗಲದಿಂದ ಮಜ್ಜಿಗಿ ಕೇಳಾಕ ಬಂದ್ಲು. ನನ್ನ ನೋಡಿದಾಕಿನ ಚರಗಿ ಬದಿಗಿಟ್ಟು ಸೆರಗ ಸಿಗಿಸಿದ್ಲು.

ಹೊರಗ ಸೂಲಗಿತ್ತಿ ರೇಡಿಯೋಕ್ಕ ಹೇಳಾಕತ್ತಿದ್ಲು: "ಅಂಜಬ್ಯಾಡ ಮಗಳ! ಉಸರ ಬಿಗಿ ಹಿಡಿ! ಈಗ ಮುಕ್ಕು!"

ಒಳಗ ನಾ ಹಿಡದೆ, ಮುಕ್ಕಿದೆ.

ಡಾಕ್ಟರ "ಇನ್ನೊಂದೇ ಕ್ಷಣ..." ಅಂದದ್ದ ತಡ, ರೇಡಿಯೋ ಸುಮ್ಮನಾತು. ಆ ಹೊತ್ತಿಗೆ 'ಕ್ವಾಂಯ್' ಅಂತ ಕೂಸಿನ ಅಳು ಕೇಳಸ್ತು.

"ಹುಟ್ಟಿತು!" ಅಂತ ಓಣಿಯೆಲ್ಲಾ ಎದ್ದ ಕುಣೀತು. ಅತ್ತಿ ರೇಡಿಯೋಕ್ಕ ಆರತಿ ಎತ್ತಿ, ಎಲ್ಲಾರ ಬಾಯಾಗ ಸಕ್ಕರಿ ಹಾಕಿದ್ಲು. ನಮ್ಮಪ್ಪ ರುಮಾಲ ಗಾಳ್ಯಾಗ ತೂರಿದ.

ಅಳು ಮಾತ್ರ ನಿಲ್ಲವಲ್ದು. ಅಪ್ಪ ರೇಡಿಯೋಕ್ಕ ಕಿವಿ ಹಚ್ಚಿದ. "ಬೀಗತಿ, ಇದರ ಬ್ಯಾಟರಿ ಸತ್ತೈತ್ರಿ!"

"ಮತ್ತ ಅಳಾಕತ್ತಿದ್ದು?"

ಅಷ್ಟರಾಗ ಅಜ್ಜಿ ನನ್ನ ಮಗನ್ನ ಅರಬ್ಯಾಗ ಸುತ್ತಿ ತಂದು ಅತ್ತಿ ಕೈಯಾಗಿಟ್ಲು. ಅತ್ತಿ ಕೂಸಿನ್ನ ನೋಡಿದ್ಲು, ರೇಡಿಯೋ ನೋಡಿದ್ಲು. ಕಣ್ಣಾಗ ದಳದಳ ನೀರು.

"ಅಯ್ಯ ನನ್ನವ್ವ, ಬಾಣಂತಿ ಆರಾಮ ಅದಾಳೋ ಇಲ್ಲೋ?"

ಒಂಬತ್ತು ತಿಂಗಳಾಗ ಒಮ್ಮೆ ನನ್ನ ಕೇಳಿದ್ಲಲ್ಲಾ ಅಂತ ಹಿಗ್ಗಿ ಕೋಣ್ಯಾಗಿಂದ ಕೂಗಿದೆ: "ಆರಾಮ ಅದೀನ್ರಿ ಅತ್ತೀ!"

"ನೀ ಅಲ್ಲ ಬೇ," ಅಂದ್ಲು ಅತ್ತಿ, "ಆಕಿ!"