ಅಕ್ಕನ ಬೀರು, ನನ್ನ ಗದ್ದ

ನನ್ನ ಮುಖ ಕೆಳತುಟಿಯವರೆಗೆ ಚೆನ್ನಾಗಿಯೇ ಇದೆ. ಅಲ್ಲಿಂದ ಮುಂದೆ, ಗದ್ದ ಬರಬೇಕಾದ ಜಾಗದಲ್ಲಿ ನೇರವಾಗಿ ಕತ್ತು ಬರುತ್ತದೆ. (ಮದುವೆಯ ಹೊತ್ತಿಗೆ ಗಡ್ಡ ಬಿಟ್ಟಿದ್ದೆ, ನನ್ನವಳು ಮೋಸಹೋದದ್ದು ಅಲ್ಲೇ.) ಬೇರೆ ಕೆಲಸದಲ್ಲಿದ್ದಿದ್ದರೆ ಇದನ್ನು ಮರೆತೇಬಿಡುತ್ತಿದ್ದೆನೋ ಏನೋ. ನನ್ನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೂರು ಗೋಡೆಗೂ ಕನ್ನಡಿ. ಗಿರಾಕಿಯ ಮೂಗಿಗೆ ಫ್ರೇಮು ಕೂರಿಸುವಾಗಲೆಲ್ಲ ನನ್ನ ಪಕ್ಕನೋಟ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ವರ್ಷ ಮುಖ ನೋಡಿ ನೋಡಿ ನಾನು ಕಂಡುಕೊಂಡ ಪರಮಸತ್ಯ ಇಷ್ಟೇ: ಗದ್ದ ಮುಂದಿರುವವರು "ಇದು ಬೇಡ, ಬೇರೆ ತೋರಿಸಿ" ಎನ್ನುತ್ತಾರೆ, ಗದ್ದ ಇಲ್ಲದವರು ನಾನು ಕೊಟ್ಟದ್ದನ್ನೇ ಹಾಕಿಕೊಂಡು ಹೋಗುತ್ತಾರೆ.

ಈ "ಬೇಡ" ಎನ್ನುವ ಮಾತು ನನಗೆ ತುರ್ತಾಗಿ ಬೇಕಾಗಿತ್ತು. ಕಾರಣ ನನ್ನ ಅಕ್ಕ. ಅವಳು ಹೊಸ ಸಾಮಾನು ಕೊಂಡಾಗಲೆಲ್ಲ ಹಳೆಯದು ನಮ್ಮ ಮನೆಗೆ ಚಿತ್ತೈಸುತ್ತದೆ. ಒಂದು ಕಾಲು ಕುಂಟುವ ಸೋಫಾ, ತಿರುಗದ ಫ್ಯಾನು, ಹೊಲಿಯದ ಹೊಲಿಗೆ ಯಂತ್ರ, ಎಲ್ಲವೂ ನಮ್ಮಲ್ಲಿ ವಿಶ್ರಾಂತ ಜೀವನ ನಡೆಸುತ್ತಿವೆ. ಈ ಸಲ ಬೀರುವಿನ ಸರದಿ. ಆಳೆತ್ತರದ ಕಬ್ಬಿಣದ ಬೀರು!

"ಅದನ್ನ ಇಡೋಕೆ ಮಲಗೋ ಕೋಣೆ ಕಿಟಕಿ ಮುಂದೆ ಬಿಟ್ರೆ ಬೇರೆ ಜಾಗ ಇಲ್ಲ. ಇಡೀ ಮನೆಗೆ ಗಾಳಿ ಬರೋದೂ ಅದೊಂದರಲ್ಲೇ. ಈ ಸಲ ಬೇಡ ಅಂತ ಹೇಳಿಬಿಡ್ರೀ," ಎಂದಳು ನನ್ನವಳು.

"ಹೇಳ್ತೀನಿ."

"ಸೋಫಾ ಬಂದಾಗ್ಲೂ ಹೀಗೇ ಅಂದಿದ್ರಿ."

"ನೀನೇ ಹೇಳಬಾರದಾ?"

"ನಾನು ಹೇಳಿ ಮನೆ ಮುರಿಯೋಳು ಅನ್ನಿಸ್ಕೋಬೇಕಾ? ನಿಮ್ಮ ಅಕ್ಕ, ನೀವೇ ಹೇಳಿ."

ಆದರೆ ಅಕ್ಕನೆದುರು ನನ್ನ ಬಾಯಿಂದ ಹೊರಡುವುದು ಒಂದೇ ಮಾತು: "ಆಗಲಿ ಅಕ್ಕ." ಎಷ್ಟು ಪ್ರಯತ್ನಪಟ್ಟರೂ ಕೊನೆಗೆ ಕೋಲೆ ಬಸವನ ಹಾಗೆ ತಲೆಯಾಡಿಸಿರುತ್ತೇನೆ. ನನಗೇ ನಾಚಿಕೆಯಾಗುತ್ತದೆ. ಅವತ್ತೇ ಭೀಷಣ ಸಂಕಲ್ಪ ಮಾಡಿದೆ. ಗದ್ದ ಹಾಕಿಸಿಕೊಂಡೇ ಅಕ್ಕನೊಡನೆ ಮಾತು! ತಲೆಯ ಮೇಲೆ ತಲೆ ಬಿದ್ದರೂ ಸರಿ. (ಗದ್ದದ ಮೇಲೆ ಬೀಳದಿದ್ದರಾಯಿತು.) "ಒಂದು ಮಾತು ಹೇಳೋಕೆ ಆಪರೇಷನ್ನಾ?" ಎಂದು ನನ್ನವಳು ಮೂರು ದಿನ ನಕ್ಕಳು. ನಾನು ಪಟ್ಟು ಬಿಡಲಿಲ್ಲ. ನಾಲ್ಕನೆಯ ದಿನ, "ನಡೀರಿ, ಅದೇನು ಅಂತ ನಾನೂ ಕೇಳ್ತೀನಿ," ಎಂದು ಅವಳೂ ಹೊರಟಳು.

ಡಾಕ್ಟರು ಶಾಂತ ಮನುಷ್ಯ. ಮೆತ್ತಗಿನ, ಬಿಲ್ಲಿನಾಕಾರದ ಸಿಲಿಕೋನ್ ತುಂಡೊಂದನ್ನು ನನ್ನ ಅಂಗೈಯಲ್ಲಿಟ್ಟರು. ನನ್ನ ಭವಿಷ್ಯದ ಪೌರುಷವೆಲ್ಲ ಅಷ್ಟೇ ಅಷ್ಟಿತ್ತು.

"ಕೆಳತುಟಿ ಒಳಗಿಂದಾನೋ ಗದ್ದದ ಕೆಳಗಿಂದಾನೋ ಸಣ್ಣಗೆ ಕೊಯ್ದು, ಇದನ್ನ ಮೂಳೆ ಮೇಲೆ ಕೂರಿಸ್ತೀವಿ. ಹೆಚ್ಚುಕಮ್ಮಿ ಒಂದು ಗಂಟೆ ಕೆಲಸ. ಊತ ಪೂರ್ತಿ ಇಳಿಯೋಕೆ ವಾರಗಟ್ಟಲೆ ಬೇಕು. ಕೆಲವರಿಗೆ ತುಟಿ ಸ್ವಲ್ಪ ದಿನ ಜೋಮು ಹಿಡಿದ ಹಾಗಿರತ್ತೆ. ಅಪರೂಪಕ್ಕೆ ಸೋಂಕಾಗಬಹುದು, ತುಂಡು ಜರುಗಬಹುದು, ಆಗ ತೆಗೀಬೇಕಾಗತ್ತೆ. ಮೊದಲ ಕೆಲವು ದಿನ ಗಂಜಿ, ಮೆತ್ತಗಿನ ಊಟ. ಮಾತು ಕಮ್ಮಿ."

"ಮಾತು ಕಮ್ಮಿ" ಎಂದ ಕೂಡಲೇ ನನ್ನವಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ಎಷ್ಟು ದಿನ ಡಾಕ್ಟ್ರೇ? ಇನ್ನೂ ಸ್ವಲ್ಪ ಜಾಸ್ತಿ ಮಾಡೋಕಾಗತ್ತಾ?"

ನಾನು ಗಂಟಲು ಸರಿಮಾಡಿಕೊಂಡೆ. "ಇದನ್ನ ಹಾಕಿಸಿಕೊಂಡ್ರೆ ಧೈರ್ಯ ಬರತ್ತಾ ಸಾರ್?"

"ಗದ್ದ ಬರತ್ತೆ," ಎಂದರು ಡಾಕ್ಟರು. "ಧೈರ್ಯಕ್ಕೆಲ್ಲ ನಾವು ಗ್ಯಾರಂಟಿ ಕೊಡೋಲ್ಲ."

ಆದರೂ ನಾನು ಹಿಂಜರಿಯಲಿಲ್ಲ. ಅವರು ನನ್ನ ಪಕ್ಕನೋಟದ ಫೋಟೋ ತೆಗೆದು, "ಆಮೇಲೆ ಹೇಗೆ ಕಾಣ್ತೀರಿ, ಅಂದಾಜಿಗೆ ನೋಡಿ," ಎಂದು ಕಂಪ್ಯೂಟರಿನಲ್ಲಿ ಗದ್ದ ಎಳೆಯತೊಡಗಿದರು. ಕೂದಲೆಳೆಯಷ್ಟು ಬಂತು. ನನ್ನ ಎದೆಯುಬ್ಬಿತು. ಇನ್ನೊಂಚೂರು ಬಂತು. ಈಗ ನೋಡಿದರೆ ಪರದೆಯ ಮೇಲೆ ನಾನೇ ಇಲ್ಲ. ಅಕ್ಕ ಕೂತಿದ್ದಾಳೆ! ಅದೇ ಗದ್ದ, ಅದೇ ಬಿಗಿ, ಅದೇ "ಯಾಕೋ, ಏನಾದ್ರೂ ಹೇಳೋದಿತ್ತಾ?" ಎನ್ನುವ ನೋಟ. ಅಪ್ಪನ ಗದ್ದವನ್ನೆಲ್ಲ ಮೊದಲು ಹುಟ್ಟಿದ ಅವಳೇ ಬಳಿದುಕೊಂಡು ಹೋದದ್ದು ನನಗೆ ಆಗ ಹೊಳೆಯಿತು.

ಕುರ್ಚಿಯಿಂದ ಎದ್ದು ನಿಂತೆ. ಕೈಗಳು ತಾವಾಗಿಯೇ ಕಟ್ಟಿಕೊಂಡವು.

"ಆಗಲಿ ಅಕ್ಕ," ಎಂದೆ. "ಬೀರು ಕಳಿಸು."

ನನ್ನವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಡಾಕ್ಟರ ಕಡೆ ತಿರುಗಿದಳು. "ಇರೋ ಗದ್ದಾನ ಕಮ್ಮಿ ಮಾಡೋಕೆ ಆಗತ್ತಾ ಡಾಕ್ಟ್ರೇ? ಇವರದ್ದಲ್ಲ."

"ಅದಕ್ಕೆ ಅವರೇ ಬಂದು ಒಪ್ಪಬೇಕಲ್ಲಮ್ಮ."

"ಹಾಗಾದ್ರೆ ಈ ಫೋಟೋದು ಒಂದು ಪ್ರಿಂಟ್ ಕೊಡಿ."

ಸಂಜೆ ಅಕ್ಕನ ಫೋನು ಬಂದಾಗ ನಾನು ತಡವರಿಸಲೇ ಇಲ್ಲ. ಬೆಳಿಗ್ಗೆಯೇ ಅಭ್ಯಾಸವಾಗಿತ್ತಲ್ಲ.

ಆಪರೇಷನ್ನಿನ ಮಾತು ಅಲ್ಲಿಗೇ ನಿಂತಿತು. ಬೀರು ಬಂದು ತಿಂಗಳಾಯಿತು. ಕಿಟಕಿ ಅದರ ಹಿಂದೆಲ್ಲೋ ಇದೆ. ಬೀರುವಿನ ಬಾಗಿಲಿಗೆ, ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ, ನನ್ನವಳು ಆ ಪ್ರಿಂಟು ಅಂಟಿಸಿದ್ದಾಳೆ. ಮೊದಲೆಲ್ಲ ಬಟ್ಟೆ ಒಗೆಯುವಂತೆ ನನ್ನನ್ನು ಒಪ್ಪಿಸಲು ಅವಳು ಅರ್ಧ ಗಂಟೆ ಜಗಳವಾಡಬೇಕಿತ್ತು. (ಅವಳೊಬ್ಬಳೆದುರು ನನಗೆ "ಬೇಡ" ಎನ್ನುವ ಮಾತು ಸಲೀಸಾಗಿ ಬರುತ್ತಿತ್ತು.) ಈಗ ಜಗಳವೇ ಇಲ್ಲ. ಅವಳು ಬೀರುವಿನ ಕಡೆ ಬೆರಳು ತೋರಿಸುತ್ತಾಳೆ. ನಾನು ಫೋಟೋದಲ್ಲಿರುವ ನನ್ನದೇ ಗದ್ದವನ್ನು ಒಮ್ಮೆ ನೋಡಿ, "ಆಗಲಿ" ಎಂದು ಬಕೆಟ್ಟು ಎತ್ತಿಕೊಳ್ಳುತ್ತೇನೆ.