ಕಾಲು ತಾಗಿದರೆ ಕೈ ಬಿಡಬೇಡಿ

ಜಗಳವೆಂದರೆ ಮಾರು ದೂರ ಓಡುವವಳು ನಾನು. ಆದರೂ ನಾನಿದ್ದಲ್ಲಿ ಯಾರದಾದರೊಂದು ಕೈ ತಿರುಚಿಕೊಂಡೇ ಇರುತ್ತದೆ. ಮುಂಬೈಯಲ್ಲಿ ಜಿಯು ಜಿಟ್ಸು ಕಲಿತು, ಮದುವೆಯಾಗಿ ಕೋಟೇಶ್ವರಕ್ಕೆ ಬಂದು, ಮನೆಯ ತಾರಸಿಯಲ್ಲಿ ಕ್ಲಾಸ್ ತೆರೆದವಳ ಹಣೆಬರಹ ಅದು. ಹೊಡೆಯದೆ ಬಡಿಯದೆ, ಮಣಿಕಟ್ಟು, ಮೊಣಕೈ, ಭುಜದ ಕೀಲು ಹಿಡಿದು ಮನುಷ್ಯನನ್ನು ನೆಲಕ್ಕೆ ಒತ್ತಿಡುವ ವಿದ್ಯೆ. ಆದರೆ ಆ ತಾರಸಿ ಅದುವರೆಗೆ ನನ್ನ ಅತ್ತೆಯ ಹಪ್ಪಳದ್ದು. ಜಾಗ ಬಿಡುವಾಗ ಅತ್ತೆ ಷರತ್ತು ಹಾಕಿದರು.

"ಒಂದೇ ಒಂದ್ ದೂರ್ ಬಂದ್ರೂ ಮ್ಯಾಟ್ ಸುತ್ತಿ ಅಟ್ಟಕ್ಕ್ ಹಾಕ್ಕ್. ಹಪ್ಪಳದ್ ಮೇಲೆ ಯಾರೂ ದೂರ್ ತಕಂಡ್ ಬಪ್ಪುದಿಲ್ಲ ಕಾಣ್."

ಕಾಲು ತಾಗಿತು

ಮೊದಲ ದಿನ ಪಕ್ಕದ ಮನೆಯ ಅತ್ತಿಗೆ-ನಾದಿನಿ ಜೋಡಿಯಾದರು. ನಾದಿನಿ ಅತ್ತಿಗೆಯ ಕೈ ತಿರುಚಿ ಬೋರಲು ಮಲಗಿಸಿ, ಭುಜದ ಮೇಲೆ ಮೊಣಕಾಲು ಊರಬೇಕು. ಊರಿದಳು. ಊರಿದ ಮರುಗಳಿಗೆ ಕೈ ಬಿಟ್ಟು, ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಲು ತಾಗಿತಲ್ಲ! ಬಿಡುಗಡೆಯಾದ ಅತ್ತಿಗೆ ಎದ್ದು ಕೂತು, "ಎಂತ ಆಯ್ಲಿಲ್ಲ, ಒಳ್ಳೇದಾಯ್ಲಿ" ಎಂದು ಹರಸಿದರು. ಮತ್ತೆ ಮಲಗಿಸಿದರೆ ಮತ್ತದೇ.

"ಕಾಲು ತಾಗಿದರೆ ಕೈ ಬಿಡಬೇಡಿ! ಕೆಳಗಿರುವುದು ಕಳ್ಳ ಅಂದುಕೊಳ್ಳಿ" ಎಂದು ಕೂಗಿದೆ.

"ಕಳ್ಳ ಆದ್ರೂ ಮನ್ಷ ಅಲ್ದಾ ಅಕ್ಕ? ಕಾಲ್ ತಾಗ್ಸುಕಾತ್ತಾ?" ಎಂದಳು ನಾದಿನಿ.

ಕೊನೆಗೊಂದು ರಾಜಿಯಾಯಿತು. ಈಗಲೂ ನಮ್ಮ ಕ್ಲಾಸಿನಲ್ಲಿ ಪಾಠಕ್ಕೆ ಮೊದಲು ಎಲ್ಲರೂ ಎಲ್ಲರ ಭುಜ ಮುಟ್ಟಿ, ಆಮೇಲೆ ತಾಗಲಿರುವ ಕಾಲುಗಳಿಗೆಲ್ಲ ಮುಂಗಡ ನಮಸ್ಕಾರ ಮಾಡಿ ಮುಗಿಸುತ್ತಾರೆ.

ಪಂಚಾಯಿತಿ

ಹೊಸ ಪಟ್ಟು ತೋರಿಸಲು ನನಗೊಂದು ದೇಹ ಬೇಕು. ನನ್ನ ಗಂಡನಿಗೆ ಕುಂದಾಪುರದ ಅಂಗಡಿಯಿಂದ ಬಂದ ಮೇಲೆ ಬೇರೆ ಕೆಲಸವಿಲ್ಲ. ಒಂದು ಸಂಜೆ ಅವರನ್ನು ಅಂಗಳದಲ್ಲಿ ಬೋರಲು ಹಾಕಿ ಅಭ್ಯಾಸ ಮಾಡುತ್ತಿದ್ದುದನ್ನು ರಸ್ತೆಯಲ್ಲಿ ಹೋಗುವ ಪುಣ್ಯಾತ್ಮರೊಬ್ಬರು ಕಂಡರು. ಅರ್ಧ ಗಂಟೆಯೊಳಗೆ ಊರಿನ ಹಿರಿಯರಿಬ್ಬರು ಬುದ್ಧಿ ಹೇಳಲು ಬಂದು ನಿಂತರು. ದೂರು ಬಂತು, ಕ್ಲಾಸ್ ಹೋಯಿತು ಎಂದುಕೊಂಡೆ. ಅತ್ತೆ ಬೆಲ್ಲ-ನೀರು ಇಟ್ಟು ಆಸೆಗಣ್ಣಿನಿಂದ ಕಾಯುತ್ತಾ ಕೂತರು.

"ಹ್ವಾಯ್, ಎಂತ ಇದ್? ಮನೆ ಒಳ್ಗಿನ್ ವಿಷ್ಯ ಮಾತಂಗೆ ಮುಗ್ಸ್ಕ್" ಎಂದರು ಇಬ್ಬರಲ್ಲಿ ದೊಡ್ಡವರು.

ನೆಲದಿಂದಲೇ ನನ್ನ ಗಂಡ, "ಸ್ವಲ್ಪ ಕೂಕಣಿ ಮರ್ರೆ, ಎಡಗೈ ಇನ್ನೂ ಬಾಕಿ ಇತ್ತ್" ಎಂದರು.

ವಿಷಯವೆಲ್ಲ ಕೇಳಿಸಿಕೊಂಡು ಹೊರಡುವಾಗ ಅದೇ ದೊಡ್ಡವರು ದನಿ ತಗ್ಗಿಸಿದರು: "ನನ್ನ್ ಬಲಭುಜ ಹಿಡ್ಕಂಡ್ ವರ್ಷ ಆಯ್ತ್. ಒಂಚೂರ್ ತಿರ್ಪಿ ಕಾಂತ್ಯಾ?"

ಸೀಟಿ ಊದುವವರಿಲ್ಲ

ಭಾನುವಾರ ಗಂಡಸರ ಪಾಳಿ. ಅದಕ್ಕೆ ಬೈಂದೂರು ಬಸ್ಸಿನ ಕಂಡಕ್ಟರೊಬ್ಬ ಬರುತ್ತಿದ್ದ, ಕುಡುಕರ ಕಾಟಕ್ಕೆ ಬೇಸತ್ತು. ಒಂದು ದಿನ ಬಸ್ಸಿನಲ್ಲಿ ಗಲಾಟೆ ಎಬ್ಬಿಸಿದವನೊಬ್ಬನನ್ನು ಹಿಂದಿನ ಸೀಟಿಗೆ ಒರಗಿಸಿ ಮಣಿಕಟ್ಟು ಹಿಡಿದೇ ಬಿಟ್ಟ. ಪಟ್ಟು ಪಕ್ಕಾ. ಆದರೆ ಎರಡೂ ಕೈ ಕುಡುಕನಲ್ಲಿ, ಸೀಟಿ ಜೇಬಿನಲ್ಲಿ. ಸೀಟಿ ಕೇಳದ ಡ್ರೈವರ್ ಬಸ್ ನಿಲ್ಲಿಸಲಿಲ್ಲ. ತ್ರಾಸಿಯಲ್ಲಿ ಇಳಿಯಬೇಕಾದವರೆಲ್ಲ ಬೈಂದೂರಿನಲ್ಲಿಳಿದು ಅವನ ಜನ್ಮ ಜಾಲಾಡಿದರು. ಪುಣ್ಯಕ್ಕೆ ಯಾರೂ ನಮ್ಮ ಮನೆವರೆಗೆ ಬರಲಿಲ್ಲ.

ಮುಂದಿನ ಭಾನುವಾರ ಬಂದವನೇ ಕೇಳಿದ: "ಒಂದೇ ಕೈಯಂಗೆ ಹಿಡಿಯುದ್ ಇಲ್ಯಾ ಅಕ್ಕ? ಇನ್ನೊಂದ್ ಕೈ ಟಿಕೆಟಿಗ್ ಬೇಕ್."

ಬಂಗಾರ ಪಾಲಿಶ್

ಅತ್ತೆ ದಿನಾ ತಾರಸಿಯ ಮೂಲೆಗೆ ಸರಿದ ಹಪ್ಪಳ ಕಾಯುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ದೂರಿಗೆ ಕಾರಣ ಹುಡುಕುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಬಂಗಾರ ಪಾಲಿಶ್ ಮಾಡುವವನೊಬ್ಬ ಜಗುಲಿಗೆ ಬಂದ. ಒಳಗೆ ಅನ್ನ ಬಸಿಯುತ್ತಿದ್ದ ನನಗೆ ದೊಪ್ಪೆಂದು ಸದ್ದು ಕೇಳಿತು. ಓಡಿ ಬಂದರೆ ಅವನು ಬೋರಲು ಬಿದ್ದಿದ್ದಾನೆ, ಬಲಗೈ ಅತ್ತೆಯ ಹಿಡಿತದಲ್ಲಿ, ಅತ್ತೆಯ ಮೊಣಕಾಲು ಅವನ ಭುಜದ ಮೇಲೆ. ಆದರೆ ಅವನ ಎಡಮುಷ್ಟಿಯಲ್ಲಿ ಅತ್ತೆಯ ಕರಿಮಣಿ! ಕಪ್ಪೆಯ ಹಾಗೆ ಒದ್ದಾಡುತ್ತಿದ್ದಾನೆ, ಅತ್ತೆಗೆ ಏದುಸಿರು, ಹಿಡಿತ ಜಾರುತ್ತಿದೆ.

ಅಷ್ಟರಲ್ಲಿ ಅವನ ಹಿಮ್ಮಡಿ ಅತ್ತೆಯ ಬೆನ್ನಿಗೆ ತಾಗಿತು.

"ಅಯ್ಯೋ ಅಮ್ಮ, ಕಾಲ್ ತಾಗ್ತ್!" ಎಂದವನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಎಡಗೈ ಹಿಂದಕ್ಕೆ ಚಾಚಿದ. ಮುಟ್ಟಬೇಕಾದರೆ ಮುಷ್ಟಿ ಬಿಚ್ಚಬೇಕಲ್ಲ? ಕರಿಮಣಿ ಕೆಳಗೆ ಬಿತ್ತು, ಅತ್ತೆ ಆ ಕೈಯನ್ನೂ ಹಿಡಿದುಕೊಂಡರು.

"ಒಳ್ಳೇದಾಯ್ಲಿ ಮಗಾ" ಎಂದು ಹರಸಿದರು. ಕೈ ಮಾತ್ರ ಬಿಡಲಿಲ್ಲ.

ಪೊಲೀಸರು ಬಂದ ಕೂಡಲೇ ಅವನು ಗೋಳೋ ಎಂದ: "ಕೈ ಎರಡೂ ಹ್ವಾಯ್ತ್ ಸಾರ್! ಈ ಅಮ್ಮನ್ ಮೇಲೆ ದೂರ್ ಕೊಡ್ಕ್!"

ಅಂತೂ ಇಂತೂ ಮೊದಲ ದೂರು. ಮೆಲ್ಲಗೆ ಅತ್ತೆಯ ಮುಖ ನೋಡಿದೆ.

ಅತ್ತೆ ಕರಿಮಣಿ ಕೊರಳಿಗೆ ಹಾಕಿಕೊಂಡು, ಸೆರಗು ಸರಿ ಮಾಡಿಕೊಂಡರು. "ದೂರ್ ಬಂದದ್ದ್ ನನ್ನ್ ಮೇಲೆ, ಕ್ಲಾಸಿನ್ ಮೇಲಲ್ಲ" ಎಂದರು. "ನಾಳೆ ನಂಗ್ ಮುಂದಿನ್ ಸಾಲಂಗೆ ಒಂದ್ ಮ್ಯಾಟ್ ಹಾಕ್. ಹಪ್ಪಳ ಬೇಕಾರೆ ಅಟ್ಟದಂಗೆ ಒಣಗ್ಲಿ."