ಮೂರು ಮನೆಯ ಗುಳಿಗೆ

ಸರಕಾರಿ ದವಾಖಾನೆಯ ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಹಾಲಸಿದ್ದಪ್ಪ ಇಂದಿಗೂ ಆರು ವರ್ಷದ ಹುಡುಗನಾಗಿಬಿಡುತ್ತಿದ್ದ. ಆಗೆಲ್ಲ ಯಾವ ರೋಗಕ್ಕೂ ಸೂಜಿಯೇ. ಹೋದ ವರ್ಷ ನ್ಯುಮೋನಿಯಾ ಆಗಿ ಮಲಗಿದ್ದ ಅವ್ವನನ್ನು ಅಜಿಥ್ರೋಮೈಸಿನ್ ಎಂಬ ಗುಳಿಗೆ ಎಬ್ಬಿಸಿ ಕೂರಿಸಿದಾಗ, ಸೂಜಿಯಿಲ್ಲದ ಆ ಔಷಧಕ್ಕೆ ಅವನು ಕೈಮುಗಿದಿದ್ದ.

ಮುಧೋಳ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗುವುದು ಅವನ ನೌಕರಿ. ಇವತ್ತು ನಾಲ್ಕು ಗಂಟೆಗೆ ಸಾಹೇಬರು ಬಂದು ಅವನ ದನಿ ಕೇಳುವವರಿದ್ದರು. ಹಿಡಿಸದಿದ್ದರೆ ಬೀಳಗಿಗೆ ವರ್ಗ. ಬೆಳಿಗ್ಗೆ ಎದ್ದರೆ ನೆಗಡಿ. ಗಂಟಲಿನಿಂದ ಪಂಕ್ಚರ್ ಆದ ಟ್ಯೂಬಿನ ಸದ್ದು.

ಅವನ ಓಣಿಯಲ್ಲೊಂದು ರೂಢಿ. ಜ್ವರ ಇಳಿದ ಕೂಡಲೇ ಗುಳಿಗೆ ನಿಲ್ಲಿಸಿ, ಉಳಿದದ್ದನ್ನು ಚಹಾಪುಡಿ ಡಬ್ಬಿಯ ಹಿಂದೆ ಎತ್ತಿಡುವುದು, ಯಾರಿಗಾದರೂ ಬೇಕಾದೀತೆಂದು. ಅವನು ಅಜಿಥ್ರೋಮೈಸಿನ್ ಕೇಳಿದ್ದೇ ತಡ, ಮೂರು ಮನೆಯಿಂದ ಮೂರು ಗುಳಿಗೆ ಬಂದವು.

“ಮೂರೂ ಒಮ್ಮೆಲೆ ನುಂಗಿಬಿಡೋ,” ಎಂದಳು ಮೊದಲ ಮನೆಯ ಲಗಮವ್ವ.

“ಸುಮ್ನಿರಬೇ. ತಾಸಿಗೊಂದು,” ಎಂದ ಎರಡನೆಯ ಮನೆಯ ಗಿರಿಮಲ್ಲಪ್ಪ.

“ಎದಿ ಬಡಿತದ ಗುಳಿಗಿ ಬ್ಯಾರೆ ನುಂಗ್ತಾನ. ಮೊದಲ ಡಾಕ್ಟರಬಾಯಿನ್ನ ಕೇಳಲಿ,” ಎಂದ ಮೂರನೆಯ ಮನೆಯ ಮುದಕಪ್ಪ.

ಸರಕಾರಿ ದವಾಖಾನೆಯಲ್ಲಿ ಡಾಕ್ಟರ್ ಅನುರಾಧಾ ಸಮಾಧಾನದಿಂದ ಅವನ ಗಂಟಲು ನೋಡಿದರು. “ಇದು ಭಾಳ ಛಲೋ ಔಷಧರಿ. ನ್ಯುಮೋನಿಯಾಕ್ಕ, ಪೆನ್ಸಿಲಿನ್ ಆಗದವರ ಗಂಟಲ ಸೋಂಕಿಗೆ ನಾನೂ ಕೊಡ್ತೀನಿ. ಆದ್ರ ನಿಮ್ಮದು ನೆಗಡಿ, ಅದಕ್ಕಿದು ನಾಟಂಗಿಲ್ಲ. ನಿಮ್ಮ ಎದಿ ಗುಳಿಗಿ ಜೋಡಿ ಕೂಡಿದ್ರ ಬಡಿತ ಏರುಪೇರಾದೀತು. ಬಿಸಿನೀರು ಕುಡೀರಿ, ಮಾತಾಡಬ್ಯಾಡ್ರಿ.” ಆಮೇಲೆ ಗುಳಿಗೆಗಳನ್ನು ನೋಡಿ, “ಇವು ಉಳದದ್ದು ಹ್ಯಾಂಗ? ಪೂರ್ತಿ ನುಂಗ್ರಿ ಅಂದಿದ್ದೆ. ಇವನ್ನ ಕೊಟ್ಟ ಮೂವರನ್ನೂ ಕಳಸ್ರಿ,” ಎಂದು ಮೂರನ್ನೂ ಡ್ರಾವರಿನಲ್ಲಿಟ್ಟುಕೊಂಡರು.

ಸುದ್ದಿ ಮುಟ್ಟಿಸಿದ್ದಕ್ಕೆ ಓಣಿಯಲ್ಲಿ ಮೂರು ಬಾಗಿಲು ಮುಚ್ಚಿದವು. “ಚಾಡಿಕೋರ,” ಎಂದಳು ಲಗಮವ್ವ ಒಳಗಿನಿಂದ.

ನಾಲ್ಕಕ್ಕೆ ಜೀಪು ಬಂತು. ಮೈಕ್ ಹಿಡಿದು ನಿಂತ ಹಾಲಸಿದ್ದಪ್ಪನ ಎದುರಿಗೆ, ಕೊರಳಿಗೆ ಮಫ್ಲರ್ ಸುತ್ತಿದ ಸಾಹೇಬರು ಬಾಯಿ ತೆರೆದರು. ಅಲ್ಲಿಂದಲೂ ಅದೇ ಟ್ಯೂಬಿನ ಸದ್ದು.

“ನೆಗಡಿಯಪ್ಪಾ. ನಿಮ್ಮ ಓಣ್ಯಾಗ ಆ ಅಜಿಥ್ರೋ ಗುಳಿಗಿ ಸಿಗ್ತಾವಂತ. ಎರಡು ತರಸು. ಮೈಕ್ ನಿಂದೇ ಅಂತ ತಿಳಿ.”

ಬೆಳಿಗ್ಗೆ ಕೈಯಲ್ಲಿದ್ದ ಮೂರು ಅವನ ಕಣ್ಣಮುಂದೆ ಬಂದವು. ಇನ್ನೊಂದು ಮನೆಯಲ್ಲಿ ಕೇಳಿದರೆ ಸಿಕ್ಕಾವು ಎಂದೂ ಅನ್ನಿಸಿತು. ಆದರೆ ಡಾಕ್ಟರಬಾಯಿಯ ಮಾತು ಗಂಟಲಿನವರೆಗೆ ಬಂದಾಗಿತ್ತು.

“ನೆಗಡಿಗೆ ಅದು ನಾಟಂಗಿಲ್ರಿ ಸರ,” ಎಂದ ಪಿಸುದನಿಯಲ್ಲಿ. “ಬಿಸಿನೀರು ಕುಡೀರಿ. ಮಾತಾಡಬ್ಯಾಡ್ರಿ.”

ಸಾಹೇಬರು ಎರಡನೆಯ ಸಲಹೆಯನ್ನು ಅಲ್ಲಿಂದಲೇ ಪಾಲಿಸಿದರು. ಒಂದು ಮಾತೂ ಆಡದೆ, ಕಾಗದದ ಮೇಲೆ ‘ಬೀಳಗಿ’ ಎಂದು ಬರೆದು, ಸಹಿ ಹಾಕಿ ಕೈಗಿತ್ತರು.

ಹಾಲಸಿದ್ದಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಜೀಪಿನ ಡ್ರೈವರ್ ವಿಠೋಬಾ ತನ್ನ ಡಬ್ಬಿ ಬಿಚ್ಚಿ, ಮಜ್ಜಿಗೆ ಕಲಸಿದ ಮೆತ್ತನೆಯ ಜೋಳದ ನುಚ್ಚಿದ್ದ ಅದನ್ನೇ ಅವನ ತೊಡೆಯ ಮೇಲಿಟ್ಟು, ಜೀಪಿನ ಕಡೆ ನಡೆದ.